ಮನೆಗೆ ಬರುವ ‘ಪ್ರಾಜೆಕ್ಟ್’ ಯಾರದು?

ಮಾನ್ಯ ಸಂಪಾದಕರೇ,

ಎರಡನೇ ತರಗತಿಯಲ್ಲಿರುವ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ‘ನೀರಿನ ಮೂಲಗಳು’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಥರ್ಮಾಕೋಲ್ ಕತ್ತರಿಸಿದ್ದು ಅವಳ ಅಪ್ಪ, ಬಣ್ಣ ಬಳಿದದ್ದು ಅಮ್ಮ, ಕೆರೆ, ಬಾವಿ, ಹೊಳೆಗಳ ಚಿತ್ರವಿದ್ದ ಚಾರ್ಟನ್ನು ಸ್ಟೇಷನರಿ ಅಂಗಡಿಯಿಂದ ಕೊಂಡು ತಂದವನು ನಾನು. ಮಗು ಅಷ್ಟರಲ್ಲಿ ನಿದ್ದೆಹೋಗಿತ್ತು. ಮರುದಿನ ಅದಕ್ಕೆ ‘ಎ ಪ್ಲಸ್’ ಬಂತು. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ ನನಗೆ, ಆ ದರ್ಜೆ ನಮ್ಮ ಮೂವರಲ್ಲಿ ಯಾರಿಗೆ ಸಂದಿತೆಂಬುದು ಇನ್ನೂ ತಿಳಿದಿಲ್ಲ.

ಚಟುವಟಿಕೆ, ಅನ್ವೇಷಣೆ ಮತ್ತು ಶೋಧದ ಮೂಲಕ ಮಗು ಕಲಿಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ನಮ್ಮ ರಾಜ್ಯಕ್ಕೆ ಇದು ಹೊಸದಲ್ಲ. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನೊಂದಿಗೆ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ‘ನಲಿ-ಕಲಿ’ಯಲ್ಲಿ ಮಕ್ಕಳೇ ದಿನವೂ ಹವಾಮಾನ ನಕ್ಷೆ ತುಂಬುತ್ತಿದ್ದರು, ತಾವು ಬರೆದ ಚಿತ್ರಗಳನ್ನು ತರಗತಿಯ ‘ಚಪ್ಪರ’ಕ್ಕೆ ತೂಗುಹಾಕುತ್ತಿದ್ದರು. ಆ ಚಿತ್ರಗಳಲ್ಲಿ ಹಸುವಿಗೆ ಐದು ಕಾಲಿರುತ್ತಿದ್ದುದೂ ಉಂಟು. ಆದರೆ ಅದು ಆ ಮಗುವಿನದೇ ಹಸುವಾಗಿತ್ತು.

ಸೃಜನಶೀಲತೆ ಬೆಳೆಸಲು ದುಬಾರಿ ಸಾಮಗ್ರಿ ಬೇಕಿಲ್ಲವೆಂಬುದನ್ನು ನಾನು ಒಮ್ಮೆ ‘ಬೀಜ’ದ ಪಾಠ ಮಾಡುವಾಗ ಕಂಡುಕೊಂಡೆ. ಮಕ್ಕಳು ಮನೆಯಿಂದ ರಾಗಿ, ಅವರೆ, ಹುರುಳಿ, ಕಡಲೆಕಾಯಿ ತಂದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಯಾವುದು ಎಷ್ಟನೇ ದಿನ ಮೊಳೆಯಿತೆಂದು ಗೋಡೆಯ ಮೇಲೆ ಗೀಟೆಳೆಯುತ್ತಿದ್ದರು. ಹುರಿದ ಕಡಲೆಕಾಯಿಯೂ ಮೊಳೆಯುವುದೇ ಎಂದು ಹುಡುಗನೊಬ್ಬ ಕೇಳಿದ. ಉತ್ತರ ನಾಲಿಗೆಯ ತುದಿಯಲ್ಲಿದ್ದರೂ ತಡೆದುಕೊಂಡು (ಮೇಷ್ಟ್ರಿಗೆ ಇದು ಸುಲಭದ ಕೆಲಸವಲ್ಲ), ಹಸಿಯದನ್ನೂ ಹುರಿದದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಹೇಳಿದೆ. ಹುರಿದದ್ದು ಬೂಷ್ಟು ಹಿಡಿಯಿತು. ಆಮೇಲೆ ಬೇಯಿಸಿದ್ದು, ನೆನೆಸಿದ್ದು, ಸಿಪ್ಪೆ ಸುಲಿದದ್ದು ಎಂದು ಅವರೇ ಪರೀಕ್ಷೆಗಳನ್ನು ಹೂಡತೊಡಗಿದರು. ಒಂದು ವಾರದ್ದೆಂದುಕೊಂಡ ಕೆಲಸ ತಿಂಗಳು ಹಿಡಿಯಿತು.

ಒಂದೇ ಕೊಠಡಿಯಲ್ಲಿ ಹಲವು ತರಗತಿಗಳನ್ನು ನಿಭಾಯಿಸುವ ಶಿಕ್ಷಕರಿಗೆ ಇಷ್ಟು ಬಿಡುವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗಿದ್ದರೆ ವರ್ಷಕ್ಕೆ ಹತ್ತು ಪ್ರಾಜೆಕ್ಟ್‌ಗಳ ಬದಲು ಎರಡೇ ಇರಲಿ. ಐದನೇ ತರಗತಿಯವರೆಗೆ ಯಾವ ಪ್ರಾಜೆಕ್ಟನ್ನೂ ಮನೆಗೆ ಕಳುಹಿಸದೆ ಶಾಲೆಯ ಅವಧಿಯಲ್ಲಿಯೇ ಮಾಡಿಸಬೇಕೆಂದು ಶಿಕ್ಷಣ ಇಲಾಖೆ ಸರ್ಕಾರಿ, ಖಾಸಗಿ ಶಾಲೆಗಳೆರಡಕ್ಕೂ ಸುತ್ತೋಲೆ ಹೊರಡಿಸಬೇಕು. ಮಾದರಿಯ ಅಂದಕ್ಕೆ ದರ್ಜೆ ಕೊಡುವುದನ್ನು ಬಿಟ್ಟು, ಮಗು ಏನು ಕೇಳಿತು, ಏನು ಮಾಡಿ ನೋಡಿತು ಎಂಬುದನ್ನು ಶಿಕ್ಷಕರು ಎರಡು ಸಾಲಿನಲ್ಲಿ ಬರೆದಿಡುವ ಕ್ರಮ ತರಬೇಕು.

– ನಿವೃತ್ತ ಶಿಕ್ಷಕ, ಅರಸೀಕೆರೆ