ಮಳೆ ರಜೆ ಕೊಡೋದು ನಾನಲ್ಲ

ಪೋಷಕರಿಗೆ ನಮಸ್ಕಾರ.

ಮೊನ್ನೆ ಬೆಳಿಗ್ಗೆ ಆರರಿಂದ ಏಳೂವರೆಯೊಳಗೆ ನನ್ನ ಫೋನು ನಲವತ್ತಕ್ಕಿಂತ ಜಾಸ್ತಿ ಸಲ ಹೊಡೆದುಕೊಂಡಿತು. ಎಲ್ಲರದ್ದೂ ಒಂದೇ ಪ್ರಶ್ನೆ: "ಟೀಚರ್, ಇವತ್ತು ರಜೆನಾ?" ಅಷ್ಟರಲ್ಲಿ ಯಾರೋ ವಾಟ್ಸಾಪ್ ಗ್ರೂಪಿಗೆ ಜಿಲ್ಲಾಧಿಕಾರಿಗಳ ಆದೇಶವನ್ನೂ ಹಾಕಿಬಿಟ್ಟರು. ಸಹಿ ಇತ್ತು, ಮೊಹರಿತ್ತು, ಎಲ್ಲ ಸರಿ ಇತ್ತು. ತಾರೀಖು ಮಾತ್ರ ಹೋದ ವರ್ಷದ್ದು! ಅದನ್ನು ನಂಬಿ ಅರ್ಧಕ್ಕರ್ಧ ಮಕ್ಕಳು ಬರಲಿಲ್ಲ. ಬಂದವರು ದಿನವಿಡೀ ನನ್ನ ಮುಖವನ್ನು ಒಂಥರಾ ನೋಡುತ್ತಿದ್ದರು.

ಅದಕ್ಕೇ ಈ ಪತ್ರ. ಅಂಥ ಆದೇಶ ಮುಂದಿನ ಸಲ ಬಂದಾಗ ಮೊದಲು ತಾರೀಖು ನೋಡಿ, ಆಮೇಲೆ ಸಹಿಯ ಕೆಳಗೆ ಕಣ್ಣು ಹಾಯಿಸಿ. ಹೆಚ್ಚಾಗಿ ಅಲ್ಲಿ 'ಜಿಲ್ಲಾಧಿಕಾರಿ' ಜೊತೆಗೆ 'ಅಧ್ಯಕ್ಷರು, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ' ಅಂತಲೂ ಇರುತ್ತದೆ. ಹೆಸರು ಉದ್ದ, ಆದರೆ ಕೆಲಸ ನಮ್ಮ ಮನೆ ಬಾಗಿಲಿನದೇ. ಡಿಸಿ, ಎಸ್‌ಪಿ, ಜಿಲ್ಲಾ ಆರೋಗ್ಯಾಧಿಕಾರಿ ಎಲ್ಲ ಒಂದೇ ಮೇಜಿಗೆ ಕೂರುವ ಜಾಗ ಅದು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿತು ಅಂದುಕೊಳ್ಳಿ. 24 ಗಂಟೆಯಲ್ಲಿ 204 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯಬಹುದು ಎಂದಾಗ ಬರುವ ಎಚ್ಚರಿಕೆ ಅದು. ಆಗ ಯಾವ ಸೇತುವೆ ಮುಚ್ಚಬೇಕು, ಯಾರನ್ನು ಮನೆಯಿಂದ ಎಬ್ಬಿಸಬೇಕು, ದೋಣಿ ಎಲ್ಲಿಂದ ತರಿಸಬೇಕು ಅಂತ ತೀರ್ಮಾನವಾಗುವುದು ಅಲ್ಲಿ. ಶಾಲೆಯ ರಜೆ ಆ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೇ.

ಹಿಂದೆ ಹೀಗಿರಲಿಲ್ಲ. ಧಾತು-ಈಶ್ವರ ಬರದ ಮಾತು ಹಿರಿಯರ ಬಾಯಲ್ಲಿ ಕೇಳಿದ್ದೀರಲ್ವಾ? 1876ರಿಂದ 78ರವರೆಗಿನ ಆ ಬರದಲ್ಲಿ ಲಕ್ಷಾಂತರ ಜನ ಸತ್ತ ಮೇಲೆ ಬ್ರಿಟಿಷರು 1880ರ ದಶಕದಲ್ಲಿ ಬರದ ನಿಯಮಾವಳಿ ಬರೆದರು. ಪರಿಹಾರದ ಹೊಣೆ ಕಲೆಕ್ಟರ್ ಹೆಗಲಿಗೆ ಬಿತ್ತು. ಇವತ್ತಿಗೂ ಅದು ಡಿಸಿ ಹೆಗಲ ಮೇಲೇ ಇದೆ. ನಮ್ಮ ರಾಜ್ಯ ಮಳೆಯ ಲೆಕ್ಕ ಇಡಲು ಕೇಂದ್ರ ತೆರೆದದ್ದೂ ಬರದ ನೆಪದಿಂದಲೇ, 1988ರಲ್ಲಿ. ಈಗ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ.

ಆದರೂ ಬಹುಕಾಲ ಕೆಲಸ ಶುರುವಾಗುತ್ತಿದ್ದುದು ಆಗೋದೆಲ್ಲ ಆದ ಮೇಲೆ. ಗಂಜಿ ಕೇಂದ್ರ ತೆರೆ, ಪರಿಹಾರದ ಚೆಕ್ ಕೊಡು, ಮುಗೀತು. 1999ರಲ್ಲಿ ಒಡಿಶಾದ ಚಂಡಮಾರುತ, 2001ರಲ್ಲಿ ಭುಜ್ ಭೂಕಂಪ, 2004ರಲ್ಲಿ ಸುನಾಮಿ. ಸುನಾಮಿಯಾಗಿ ವರ್ಷ ತುಂಬುವ ಹೊತ್ತಿಗೆ, 2005ರ ಡಿಸೆಂಬರ್‌ನಲ್ಲಿ, ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ, ಒಂದು ಯೋಜನೆ ಇರಬೇಕು. ಆ ಯೋಜನೆಯನ್ನು ವರ್ಷ ವರ್ಷ ತಿದ್ದಬೇಕು ಅಂತ ಅದು ಹೇಳುತ್ತದೆ. ತಿದ್ದುವುದು ಬರೀ ಕಾಗದದಲ್ಲೇ ಉಳಿದ ಕಡೆಯೂ ಇರಬಹುದು. ಆದರೆ ನಮ್ಮಲ್ಲಿಗೆ ಮೇ ತಿಂಗಳಲ್ಲೇ ತಾಲ್ಲೂಕು ಕಚೇರಿಯಿಂದ ಇಬ್ಬರು ಬಂದಿದ್ದರು. ನಲ್ಲಿ ತಿರುಗಿಸಿ ನೋಡಿದರು, ಶೌಚಾಲಯ ಎಣಿಸಿದರು, ಐದನೇ ತರಗತಿಯ ಕೋಣೆ ಎಷ್ಟು ಅಡಿ ಅಂತ ಟೇಪು ಹಿಡಿದು ಅಳೆದರು. ನೆರೆ ಬಂದರೆ ನಮ್ಮ ಶಾಲೆಯೇ ಕಾಳಜಿ ಕೇಂದ್ರ. ಗಂಜಿ ಕೇಂದ್ರಕ್ಕೆ ಈಗಿನ ಹೆಸರು ಅದು. ಆಗ ಒಂದೆರಡು ವಾರ ಪಾಠ ನಿಂತರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಇನ್ನು ನಿಮ್ಮಿಂದ ಆಗಬೇಕಾದದ್ದು. ಮಕ್ಕಳ ಕೈಯಲ್ಲಿ ಒಂದು ಹಳದಿ ಚೀಟಿ ಕಳಿಸಿದ್ದೇನೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಶಾಲೆ ಬಿಡಬೇಕಾಗಿ ಬಂದರೆ ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆ, ಅವರ ನಂಬರ್ ಏನು ಎಂದು ಬರೆಯಿರಿ. "ಯಾರಾದರೂ ಬರ್ತಾರೆ" ಅಂತ ಬರೆಯಬೇಡಿ. ಕಳೆದ ಸಲ ಆರು ಚೀಟಿಗಳಲ್ಲಿ ಹಾಗೇ ಇತ್ತು. ಚೀಟಿಯಲ್ಲಿ ಹೆಸರಿಲ್ಲದವರ ಜೊತೆ ಮಗುವನ್ನು ಕಳಿಸುವುದಿಲ್ಲ, ಸ್ವಂತ ಮಾವನೇ ಆದರೂ.

ನೀರು ನುಗ್ಗಿದರೆ, ಮರ ಬಿದ್ದರೆ 1077ಕ್ಕೆ ಕರೆ ಮಾಡಿ. ಅದು ಜಿಲ್ಲಾ ಕಂಟ್ರೋಲ್ ರೂಮ್. ರಜೆ ಇದೆಯಾ ಅಂತ ಕೇಳೋಕೆ ಸುಮ್ನೆ ಆ ನಂಬರ್ ಒತ್ತಬೇಡಿ. ರಜೆ ಇದ್ದರೆ ನಮ್ಮ ಶಾಲೆಯ ಗ್ರೂಪಿನಲ್ಲಿ ನಾನೇ ಹಾಕುತ್ತೇನೆ, ತಾರೀಖು ನೋಡಿಯೇ.

ಚೀಟಿ ಸೋಮವಾರದೊಳಗೆ ಬರಲಿ.

ಇಂತಿ,
ಮುಖ್ಯ ಶಿಕ್ಷಕಿ