ಕ್ಯಾಮೆರಾ ಹೊರಟಿತು, ಅಕ್ಕನಿಗೆ ಥ್ಯಾಂಕ್ಸ್

ಉಪಗ್ರಹಕ್ಕೆಂದು ನಾವು ಮಾಡಿದ ಕ್ಯಾಮೆರಾ ಮೊನ್ನೆ ಉಪಗ್ರಹ ಕಟ್ಟುವವರ ಕೈ ಸೇರಿತು. ಫೋನ್ ಮಾಡಿ ಖುಷಿಪಟ್ಟ ಎಲ್ಲರಿಗೂ ಥ್ಯಾಂಕ್ಸ್. ಆಪ್ಟಿಕ್ಸ್, ಎಲೆಕ್ಟ್ರಾನಿಕ್ಸ್, ಸಾಫ್ಟ್‌ವೇರ್ ಗೆಳೆಯರಿಗೆ, ರಾತ್ರಿ ಪಾಳಿಗೆ ಕಾಫಿ ಕಳಿಸಿದ ಕ್ಯಾಂಟೀನಿನವರಿಗೆ, ಮಗಳನ್ನು ನೋಡಿಕೊಂಡ ಅತ್ತೆ-ಮಾವನಿಗೆ ನಾನು ಋಣಿ.

ಆದರೆ ಜಾಸ್ತಿ ಹೇಳಬೇಕಿರುವುದು ಟೆಸ್ಟ್ ಲ್ಯಾಬಿನ ಟೆಕ್ನೀಷಿಯನ್ ಅಕ್ಕನ ಬಗ್ಗೆ.

ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಡಿಟೆಕ್ಟರ್ ತಣ್ಣಗಿರಬೇಕು, ಇಲ್ಲದಿದ್ದರೆ ಕತ್ತಲೆಯಲ್ಲೂ ಸುಳ್ಳು ಸಿಗ್ನಲ್ ಕೊಡುತ್ತದೆ. ಪಕ್ಕದ ಲೆನ್ಸ್ ಬೆಚ್ಚಗಿರಬೇಕು, ಇಲ್ಲದಿದ್ದರೆ ಫೋಕಸ್ ಜರುಗುತ್ತದೆ. ಒಬ್ಬರಿಗೆ ಬೇಕಾದ್ದು ಇನ್ನೊಬ್ಬರಿಗೆ ತೊಂದರೆ. ಇವರ ನಡುವೆ ನಿಲ್ಲುವುದೇ ನನ್ನಂಥ ಸಿಸ್ಟಮ್ಸ್ ಇಂಜಿನಿಯರ್ ಕೆಲಸ. ಹಾರಿದ ಮೇಲೆ ರಿಪೇರಿ ಇಲ್ಲ: ಉದಾಹರಣೆಗೆ, ನಮ್ಮ ಹೊಸಕೋಟೆಯಲ್ಲಿ ಜೋಡಣೆಯಾದ, ಸೂರ್ಯನನ್ನು ನೋಡುವ ವಿಇಎಲ್‌ಸಿ ಉಪಕರಣ ಈಗ ಆದಿತ್ಯ ಎಲ್1 ನೌಕೆಯ ಜೊತೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ ಇದೆ. ಅಲ್ಲಿಗೆ ಸ್ಕ್ರೂಡ್ರೈವರ್ ಹಿಡಿದು ಯಾರು ಹೋಗುತ್ತಾರೆ? ಇರುವ ತೊಂದರೆಯೆಲ್ಲ ಇಲ್ಲೇ, ಗಾಳಿ ತೆಗೆದು ಪರೀಕ್ಷೆ ಮಾಡುವ ವ್ಯಾಕ್ಯೂಮ್ ಚೇಂಬರಿನಲ್ಲೇ ಗೊತ್ತಾಗಬೇಕು.

ಆ ರಾತ್ರಿ ಗೊತ್ತಾಯಿತು. ಬೆಳಕು ಬೀಳದಂತೆ ತೆಗೆದ ಚಿತ್ರಗಳಲ್ಲಿ, ಅಂದರೆ ಡಾರ್ಕ್ ಫ್ರೇಮ್‌ಗಳಲ್ಲಿ, ಅಡ್ಡಗೆರೆ. ಎಲ್ಲದರಲ್ಲೂ ಅಲ್ಲ, ಬರುತ್ತಿತ್ತು, ಹೋಗುತ್ತಿತ್ತು. ಚೇಂಬರ್ ತೆಗೆದರೆ ಮತ್ತೆ ಮೊದಲಿನಿಂದ ಶುರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ವರ್ಷಗಳ ಕೆಲಸ, ಇಷ್ಟು ಜನರ ನಂಬಿಕೆ, ಎಲ್ಲಾ ಕೈ ಜಾರಿದ ಹಾಗಾಯಿತು.

ಅಕ್ಕ ಬಂದು ಸುಮ್ನೆ ಪಕ್ಕದಲ್ಲಿ ಕೂತರು. "ಈಗ್ಲೇ ತೆಗೀಬೇಡಿ ಮೇಡಂ. ಬೆಳಗಿನವರೆಗೂ ನಾನು ಇರ್ತೀನಿ" ಅಂದರು. ಅವರ ಪಾಳಿ ಮುಗಿದು ಎಷ್ಟೋ ಹೊತ್ತಾಗಿತ್ತು.

ಅವರ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಲೆನ್ಸ್ ಬೆಚ್ಚಗಿಡುವ ಹೀಟರ್ ಯಾವಾಗ ಆನ್ ಆಯಿತು, ಯಾವಾಗ ಆಫ್ ಆಯಿತು ಅಂತ ಅದರಲ್ಲಿ ನೀಲಿ ಪೆನ್ನಿನಲ್ಲಿ ಬರೆದಿದ್ದರು. ಯಾರೂ ಕೇಳಿರಲಿಲ್ಲ, ಅದು ಅವರ ರೂಢಿ. ನಾನು ಫ್ರೇಮಿನ ಸಮಯ ಓದುತ್ತಾ ಹೋದೆ, ಅವರು ಬೆರಳಿಟ್ಟು ಹುಡುಕುತ್ತಾ ಹೋದರು. ಗೆರೆ ಬಿದ್ದ ಒಂದೊಂದು ಫ್ರೇಮಿಗೂ ಅದೇ ಗಳಿಗೆಯಲ್ಲಿ ಹೀಟರ್ ಸ್ವಿಚ್ ಆಗಿತ್ತು!

ಡಿಟೆಕ್ಟರಿನಿಂದ ಚಿತ್ರ ಓದುವಷ್ಟು ಹೊತ್ತು ಹೀಟರ್ ಸ್ವಿಚ್ ಆಗದಂತೆ ಸಾಫ್ಟ್‌ವೇರಿನಲ್ಲೇ ತಡೆದೆವು. ಗೆರೆ ಹೋಯಿತು. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ.

ದೊಡ್ಡ ಡಿಗ್ರಿ ಇರುವವರ ಮಾತನ್ನೇ ಮೀಟಿಂಗ್‌ಗಳಲ್ಲಿ ಕೇಳುತ್ತೇವೆ, ಅಲ್ವಾ? ಚೇಂಬರಿನ ಪಕ್ಕ ನಿಲ್ಲುವವರನ್ನೂ ಕೂರಿಸಿ ಕೇಳಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಅಕ್ಕ, ಇಲ್ಲಿ ಹೆಸರು ಬೇಡ ಅಂದಿರಿ, ಹಾಕಿಲ್ಲ. ಆದರೆ ನಿಮ್ಮ ಪುಸ್ತಕದ ಆ ಪುಟ ಪರೀಕ್ಷಾ ವರದಿಯಲ್ಲಿ ಸೇರಿದೆ, ಕೆಳಗೆ ನಿಮ್ಮ ಪೂರ್ತಿ ಹೆಸರಿದೆ. ಸೋಮವಾರ ಬಂದು ಸಹಿ ಹಾಕಿಬಿಡಿ.