ತಪ್ಪು ಯಾರದೆಂದು ಕೇಳುವ ಮೊದಲು

ಚಿ. ರಘುವಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಅಮ್ಮ ಸರಿಯೋ ಹೆಂಡತಿ ಸರಿಯೋ ಎಂದು ಕೇಳಿದ್ದೀಯ. ಆ ಪಂಚಾಯಿತಿಗೆ ಕೂರಬೇಡ. ಮೊದಲು ದೊಡ್ಡದೊಂದು ಹಾಳೆಯಲ್ಲಿ ಮೂರು ತಲೆಮಾರಿನ ನಕ್ಷೆ ಬರೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ; ಮಕ್ಕಳು ಹಿರಿಯರಿಂದ ಶುರುವಾಗಿ ಎಡದಿಂದ ಬಲಕ್ಕೆ. ಜಗಳವಿದ್ದಲ್ಲಿ ಅಂಕುಡೊಂಕು ಗೆರೆ, ತೀರಾ ಹಚ್ಚಿಕೊಂಡವರ ನಡುವೆ ಮೂರು ಗೆರೆ, ದೂರವಾದವರ ನಡುವೆ ಚುಕ್ಕಿಗೆರೆ. ಪಕ್ಕದಲ್ಲಿ ಮದುವೆ, ಸಾವು, ವರ್ಗಾವಣೆ, ನಿವೃತ್ತಿಯ ಇಸವಿ, ತಿಂಗಳು. ಕುಟುಂಬ ಚಿಕಿತ್ಸಕರು ಇದಕ್ಕೆ ಜೀನೋಗ್ರಾಂ ಅನ್ನುತ್ತಾರೆ. ಗೆರೆ ಎಳೆದವರು ತಾರೀಖು ಬಿಟ್ಟುಬಿಡುತ್ತಾರೆ, ಗುಟ್ಟಿರುವುದು ಅಲ್ಲೇ. ಸೊಸೆ ಬಂದದ್ದೂ ನಿಮ್ಮಪ್ಪ ರಿಟೈರ್ ಆದದ್ದೂ ಹೆಚ್ಚುಕಡಿಮೆ ಒಟ್ಟಿಗೇ ಅಲ್ಲವೇ? ಅಣ್ಣ ಹಗಲೆಲ್ಲ ಮನೆಯಲ್ಲಿ, ಗಂಟೆಗೊಂದು ಕಾಫಿ. ಅತ್ತಿಗೆಗೆ ಮಧ್ಯಾಹ್ನದ ಬಿಡುವೂ ಹೋಯಿತು, ಅಡುಗೆಮನೆಯ ಯಜಮಾನಿಕೆಯೂ ಹೋಯಿತು. ಸಿಟ್ಟು ಮಾತ್ರ ಸೊಸೆಯ ಮೇಲೆ.

ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ 1950ರ ದಶಕದಲ್ಲಿ ರೋಗಿಯ ಜೊತೆ ಮನೆಯವರನ್ನೂ ಆಸ್ಪತ್ರೆಯಲ್ಲೇ ಇರಿಸಿಕೊಂಡು ಗಮನಿಸಿದವರು. ಇಬ್ಬರ ನಡುವೆ ಬಿಗಿ ಹೆಚ್ಚಿದಾಗ ಮೂರನೆಯವರನ್ನು ಒಳಗೆಳೆದುಕೊಳ್ಳುವುದನ್ನು ಅವರು ತ್ರಿಕೋನ ಎಂದರು. ಈಗ ಆ ಮೂರನೆಯವನು ನೀನು. ಇವರ ಮಾತು ಅವರಿಗೆ ಮುಟ್ಟಿಸಿದರೆ ಎರಡು ದಿನ ಕಾವು ಇಳಿಯುತ್ತದೆ, ಜಗಳ ಮಾತ್ರ ಬಗೆಹರಿಯುವುದಿಲ್ಲ. "ಅಮ್ಮಾ, ಇದನ್ನ ಅವಳ ಹತ್ರಾನೇ ಹೇಳು" ಅನ್ನು. ಅಂದು ಎದ್ದು ಹೋಗಬೇಡ, ಅಲ್ಲೇ ಕೂತು ಬೇರೆ ಮಾತಾಡು. ಹೆಂಡತಿಯ ಹತ್ತಿರವೂ ಹಾಗೆಯೇ. ಮೊದಮೊದಲು ಕೂಗಾಟ ಹೆಚ್ಚುತ್ತದೆ, "ಮದುವೆಯಾದ ಮೇಲೆ ಬದಲಾದೆ" ಎಂಬ ಮಾತೂ ಬರುತ್ತದೆ. ಬಹಳ ಜನ ಸೋಲುವುದು ಅಲ್ಲಿಯೇ.

ಇನ್ನು ಅಡುಗೆಮನೆ. "ಸ್ವಲ್ಪ ಸಹಾಯ ಮಾಡು" ಎಂಬುದು ಕೆಲಸವೇ ಅಲ್ಲ, ಜಗಳಕ್ಕೆ ಮುಹೂರ್ತ. ಒಂದು ಕೆಲಸ ಪೂರ್ತಿ ಒಬ್ಬರದಾಗಲಿ. ಬೆಳಗಿನ ತಿಂಡಿ ನಿನ್ನ ಹೆಂಡತಿಯದೆಂದರೆ, ರಾತ್ರಿ ಎಷ್ಟು ಪಾವು ಅಕ್ಕಿಗೆ ಎಷ್ಟು ಉದ್ದು ನೆನೆಹಾಕಬೇಕೆಂಬುದೂ ಅವಳದೇ. ಹಿಟ್ಟು ಉಬ್ಬದಿದ್ದರೂ ಯಾರೂ ತುಟಿಪಿಟಕ್ಕೆನ್ನಬಾರದು. ಮಧ್ಯಾಹ್ನದ ಸಾರು ಅತ್ತಿಗೆಯದು. ಅಣ್ಣನ ಕಾಫಿ ಅಣ್ಣನೇ ಮಾಡಿಕೊಳ್ಳಲಿ, ಕರೆಂಟ್ ಬಿಲ್ಲು, ತರಕಾರಿ ಅವನ ಪಾಲಿಗಿರಲಿ.

ಹೊಡೆತ, ವರದಕ್ಷಿಣೆಯ ಮಾತು ಇರುವ ಮನೆಗೆ ಇದ್ಯಾವುದೂ ಹೊಂದುವುದಿಲ್ಲ. ಅಲ್ಲಿ ನಡುವೆ ನಿಲ್ಲುವುದೇ ತಪ್ಪು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬೇಕು. ನಿಮ್ಮಲ್ಲಿ ಅಂಥದ್ದಿಲ್ಲ.

ಎರಡು ಮೂರು ತಿಂಗಳಾದರೂ ಹದಕ್ಕೆ ಬರದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ಚಿಕಿತ್ಸಾ ವಿಭಾಗವಿದೆ. ಹೋಗುವಾಗ ನಿಮ್ಮಪ್ಪನನ್ನು ಬಿಟ್ಟು ಹೋಗಬೇಡ.

ಇತಿ,
ನಿನ್ನ ಸೋದರತ್ತೆ